ಮಷಿನ್‌ಗೆ ನೀರು ಬರ್ತಿಲ್ಲ ಅಂದ್ರೆ ನಾನು ಮೊದ್ಲು ತೆಗಿಯೋದು ಗಾರೆ ಮೇಸ್ತ್ರಿ ಲೆವೆಲ್ ಪೈಪು

ತುಮಕೂರು ಸುತ್ತಮುತ್ತ ವಾಷಿಂಗ್ ಮಷಿನ್ ರಿಪೇರಿ ಮಾಡ್ಕೊಂಡು ಹದಿನೈದು ವರ್ಷ ಆಯ್ತು. ಈ ಲೆವೆಲ್ ಪೈಪ್, ಅಂದ್ರೆ ಗಾರೆಯವ್ರು ನೀರು ತುಂಬಿ ಮಟ್ಟ ನೋಡೋ ಟ್ರಾನ್ಸ್‌ಪರೆಂಟ್ ಪೈಪ್ ವಿಷ್ಯ ನಮ್ಮ ಜೊತೆ ಹುಡುಗರಿಗೆ ಹೇಳಿದಾಗ ಯಾರೂ ನಂಬಲಿಲ್ಲ, "ಮೀಟರ್ ಇಟ್ಟು ಕಾಯಿಲ್ ನೋಡೋದು ಬಿಟ್ಟು ಇವನು ಪಾಯ ಹಾಕೋಕೆ ಬಂದವ್ನೆ" ಅಂದ್ರು. ಈಗ ಅವ್ರೇ ಫೋನ್ ಮಾಡಿ ಕೇಳ್ತಾರೆ. ಅದಕ್ಕೇ ಬರೀತಿದ್ದೀನಿ.

ಕ್ಯಾತ್ಸಂದ್ರದ ಕಡೆ ಒಂದು ಮನೆ, ಎರಡನೇ ಫ್ಲೋರು, ಅದೇ ಕೊನೇ ಫ್ಲೋರು, ತಲೆ ಮೇಲೆ ಟೆರೇಸಲ್ಲಿ ಸಿಂಟೆಕ್ಸ್ ಸೀದಾ ಮೋಲ್ಡ್ ಮೇಲೇ ಕೂತಿದೆ. ಫ್ರಂಟ್ ಲೋಡ್ ಮಷಿನ್. ಆನ್ ಮಾಡಿದ್ರೆ ಮಷಿನ್ ಒಳಗೆ ನೀರು ಬಿಡೋ ವಾಲ್ವ್ ಗುಂಯ್ ಅನ್ನುತ್ತೆ, ನೀರು ಸಣ್ಣಗೆ ಜಿನುಗುತ್ತೆ, ಸುಮಾರು 8 ನಿಮಿಷಕ್ಕೆ ಐಇ ಅಂತ, ಅಂದ್ರೆ ನೀರು ಸಾಕಷ್ಟು ಬರ್ಲಿಲ್ಲ ಅಂತ ಎರರ್ ತೋರ್ಸಿ ನಿಂತೋಗುತ್ತೆ. ನನಗಿಂತ ಮುಂಚೆ ಇಬ್ರು ನೋಡಿ ಹೋಗಿದ್ರು, ಒಬ್ರು ವಾಲ್ವ್ ಬದಲಾಯ್ಸಿದ್ರು, ಇನ್ನೊಬ್ರು ಬೋರ್ಡ್ ಹೋಗಿದೆ 7,800 ಆಗುತ್ತೆ ಅಂದಿದ್ರು. ಆ ಮನೆ ಮೇಡಂ ರಿಟೈರ್ಡ್ ಟೀಚರು, "ನೋಡಪ್ಪಾ, ನೀನೂ ಬೋರ್ಡು ಅನ್ನೋದಾದ್ರೆ ಕಾಫಿ ಕುಡ್ದು ಹೊರಡು" ಅಂದ್ರು.

ನಾನೂ ಮೊದ್ಲು ತಪ್ಪು ದಾರೀಲೇ ಹೋದೆ. ವಾಲ್ವ್ ತೆಗಿಯೋ ಕಾಯಿಲ್ ಮೀಟರಲ್ಲಿ ನೋಡ್ದೆ, 4 ಕಿಲೋ ಓಮ್ ಹತ್ರ ಇತ್ತು, ಸರಿಯಿದೆ. ಕನೆಕ್ಟರಲ್ಲಿ 230 ಬರ್ತಿದೆ. ಹಾಗಾದ್ರೆ ಬೋರ್ಡ್ ವಾಲ್ವ್ ತನಕ ಕರೆಂಟ್ ಕಳಿಸ್ತಿದೆ, ಅದರ ಮೇಲೆ ಯಾಕೆ ಅನುಮಾನ? ವಾಲ್ವ್ ಬಾಯಲ್ಲಿರೋ ಜಾಲರಿ ಬಿಚ್ಚಿ ಕ್ಲೀನ್ ಮಾಡ್ದೆ, ಬಿಳಿ ಉಪ್ಪು ಕಟ್ಕೊಂಡಿತ್ತು, ಬೋರ್ ನೀರಲ್ವಾ. ಸ್ವಲ್ಪ ಪರವಾಗಿಲ್ಲ ಅನ್ನಿಸ್ತು, ಮಾರನೇ ದಿನ ಸಾಯಂಕಾಲ ಮತ್ತೆ ಫೋನು. ಆಮೇಲೆ ಪ್ರೆಶರ್ ಕಮ್ಮಿ ಅಂತ ಲೈನಲ್ಲಿ ಹಾಕೋ ಚಿಕ್ಕ ಬೂಸ್ಟರ್ ಪಂಪ್ ತಂದು ಹಾಕ್ದೆ, ಹತ್ತತ್ರ 2,600. ಬರೋ ನೀರೇ ಸಣ್ಣ ಧಾರೆ, ನೀರು ಹರಿದ್ರೆ ಪಂಪ್ ಆನ್ ಮಾಡೋ ಅದರ ಫ್ಲೋ ಸ್ವಿಚ್ ಎತ್ತಲೇ ಇಲ್ಲ. ಮ್ಯಾನ್ಯುವಲ್‌ಗೆ ಹಾಕಿದ್ರೆ ಮಷಿನ್ ವಾಲ್ವ್ ಮುಚ್ಚಿದ ಮೇಲೂ ಪಂಪ್ ಸುಮ್ನೆ ಓಡಿ ಬಿಸಿ ಆಗ್ತಿತ್ತು. ವಾಪಸ್ ಕೊಟ್ಟೆ, ಅಂಗಡಿಯವ್ರು 400 ಹಿಡ್ಕೊಂಡ್ರು. ಪ್ರೆಶರ್ ಗೇಜ್ ಒಂದು 450ಕ್ಕೆ ತಂದಿದ್ದೆ, 10 ಕೆಜಿ ಪ್ರೆಶರ್ ತನಕ ಅಳೆಯೋ ಸ್ಕೇಲಿಂದು, ಈ ಟ್ಯಾಂಕ್ ಪ್ರೆಶರ್‌ಗೆ ಮುಳ್ಳು ಜಾಗ ಬಿಟ್ಟು ಅಲ್ಲಾಡ್ಲೇ ಇಲ್ಲ. ಆ ವಾರ ನನ್ನ ಕೈಯಿಂದ್ಲೇ ಸಾವಿರದ ಹತ್ರ ಹೋಯ್ತು, ಪೆಟ್ರೋಲ್ ಬೇರೆ.

ದಾರಿ ಸಿಕ್ಕಿದ್ದು ಮೇಡಂ ಹೇಳಿದ ಒಂದು ಮಾತಿಂದ. "ಬೆಳಿಗ್ಗೆ ಮೋಟ್ರು ಹಾಕಿದ ತಕ್ಷಣ ಬಟ್ಟೆ ಹಾಕಿದ್ರೆ ಒಂದೊಂದ್ಸಲ ಓಡುತ್ತೆ ಕಣಪ್ಪಾ." ಟ್ಯಾಂಕ್ ತುಂಬಿದಾಗ ಓಡುತ್ತೆ ಅಂದ್ರೆ ತೊಂದ್ರೆ ಮಷಿನಲ್ಲಲ್ಲ, ಬರೋ ನೀರಲ್ಲಿ ಅಂತ ಅಲ್ಲೇ ಗೊತ್ತಾಯ್ತು ನನಗೆ. ಪಕ್ಕದ ರೋಡಲ್ಲಿ ಮನೆ ಕಟ್ತಿದ್ರು, ಅಲ್ಲಿ ಮೇಸ್ತ್ರಿ ಹತ್ರ ಲೆವೆಲ್ ಪೈಪ್ ಕೇಳಿ ಇಸ್ಕೊಂಡು ಬಂದೆ. ನಲ್ಲಿಗೂ ಮಷಿನ್ ಹೋಸ್‌ಗೂ ಮಧ್ಯೆ ಮೂರು ಬಾಯಿಯ ಟೀ ಜಾಯಿಂಟ್ ಒಂದು ಹಾಕಿ ಅದಕ್ಕೆ ಈ ಟ್ರಾನ್ಸ್‌ಪರೆಂಟ್ ಪೈಪ್ ಸಿಗ್ಸಿ, ಯುಟಿಲಿಟಿ ಗ್ರಿಲ್ ಆಚೆಯಿಂದ ಟೆರೇಸ್‌ವರೆಗೂ ಮೇಲಕ್ಕೆ ಕಟ್ಟಿದೆ.

ಪೈಪಲ್ಲಿ ನೀರು ಎಷ್ಟು ಎತ್ತರ ನಿಲ್ಲುತ್ತೋ ಅದೇ ಪ್ರೆಶರ್; 10 ಮೀಟರ್ ನೀರು ನಿಂತ್ರೆ ಹೆಚ್ಚುಕಮ್ಮಿ 1 ಬಾರ್ (ಪ್ರೆಶರ್ ಅಳತೆ) ಲೆಕ್ಕ. ತುಂಬಾ ಮಷಿನ್‌ಗಳು ಕಮ್ಮಿ ಅಂದ್ರೂ ಕೇಳೋದು 0.3 ಬಾರ್, ಅಂದ್ರೆ ನಲ್ಲಿಯಿಂದ ಮೇಲಕ್ಕೆ 10 ಅಡಿ. ಇಲ್ಲಿ ಪೈಪಲ್ಲಿ ನೀರು ನಿಂತಿದ್ದು ಟ್ಯಾಂಕ್ ತುಂಬಿದಾಗ ಒಂಬತ್ತೂವರೆ ಅಡಿ, ಸಾಯಂಕಾಲ 7. ಇದನ್ನ ಟೇಪಲ್ಲೇ ಅಳೀಬಹುದಲ್ಲ ಅಂತ ಒಬ್ಬ ಕೇಳ್ದ. ಅಳೀಬಹುದು, ಆದ್ರೆ ನಿಂತ ನೀರು ಟ್ಯಾಂಕಿನ ಎತ್ತರ ಮಾತ್ರ ಹೇಳುತ್ತೆ, ಮಷಿನ್ ಆನ್ ಮಾಡಿ ನೀರು ಹರಿಯೋವಾಗ ಎಷ್ಟು ಕೆಳಗೆ ಬೀಳುತ್ತೆ ನೋಡಿ, ಅದು ಪೈಪಿನ ಜಾತಕಾನೇ ಹೇಳುತ್ತೆ. ಇಲ್ಲಿ ಆನ್ ಮಾಡಿದ ತಕ್ಷಣ 7 ಅಡಿಯಿಂದ ಸರ್ರಂತ ಒಂದೂವರೆ ಅಡಿಗೆ ಬಿತ್ತು! ಅಷ್ಟು ಸಣ್ಣ ಧಾರೆಗೇ ಹಂಗೆ ಬೀಳುತ್ತೆ ಅಂದ್ರೆ ಮೇಲೆಲ್ಲೋ ಕಟ್ಕೊಂಡಿದೆ.

ಟೆರೇಸ್‌ಗೆ ಹತ್ತಿ ಟ್ಯಾಂಕ್ ಔಟ್‌ಲೆಟ್ ಗೇಟ್ ವಾಲ್ವ್ ತಿರುಗ್ಸಿದೆ, ಹಿಡಿ ಸಲೀಸಾಗಿ ತಿರುಗುತ್ತೆ. ಬಿಚ್ಚಿ ನೋಡಿದ್ರೆ ಒಳಗಿನ ಗೇಟು ಸ್ಪಿಂಡಲ್‌ನಿಂದ ಕಳಚಿ ಮುಕ್ಕಾಲು ಭಾಗ ಮುಚ್ಕೊಂಡು ಕೂತಿದೆ, ಸುತ್ತ ಉಪ್ಪು ಕಲ್ಲು ಕಲ್ಲಾಗಿದೆ. 1 ಇಂಚು ಬಾಲ್ ವಾಲ್ವ್ ಹಾಕ್ದೆ, ಸಾಮಾನೆಲ್ಲ ಸೇರಿ 500 ಒಳಗೆ. ಈಗ ಮಷಿನ್ ತುಂಬೋವಾಗ ಪೈಪಲ್ಲಿ ನೀರು 5 ಅಡಿ ಹತ್ರ ನಿಲ್ಲುತ್ತೆ. ಆದ್ರೂ ಸಾಯಂಕಾಲ ನಿಧಾನ ಅನ್ನಿಸ್ತು, ವಾಲ್ವ್ ಬಾಯಲ್ಲಿ ಜಾಲರಿ ಹಿಂದೆ ನೀರು ತಡಿಯೋ ಪುಟ್ಟ ರಬ್ಬರ್ ವಾಷರ್ ಇರುತ್ತಲ್ಲ, ಅದಕ್ಕೆ ಒಂದು ಕೆಲಸ ಮಾಡ್ದೆ. ಏನು ಅಂತ ಇಲ್ಲಿ ಹೇಳಲ್ಲ, ಅದು ನನ್ನ ಹೊಟ್ಟೆಪಾಡು. ಎರಡೂ ಆದ ಮೇಲೆ ಮೂರೂವರೆ ನಿಮಿಷಕ್ಕೆ ಲೆವೆಲ್ ಮುಟ್ಟುತ್ತೆ, ಒಂದು ವರ್ಷದ ಮೇಲಾಯ್ತು, ಒಂದ್ಸಲಾನೂ ಐಇ ಬಂದಿಲ್ಲ. ನನ್ನ ಮಜೂರಿ ಸೇರಿ 1,400 ತಗೊಂಡೆ.

ಆಮೇಲೆ ಹಳೇ ವಾಲ್ವ್‌ಗಳ ಮೇಲೆ ಒಂದಿಷ್ಟು ಪ್ರಯೋಗ ಮಾಡ್ದೆ. ಎಸೆಯೋಕೆ ಇಟ್ಟಿದ್ದ ಹತ್ತು ಹನ್ನೆರಡನ್ನ ಬೆಚ್ಚಗಿನ ನೀರಲ್ಲಿ ನಿಂಬೆ ಉಪ್ಪು ಹಾಕಿ ರಾತ್ರಿಯೆಲ್ಲ ನೆನೆಸ್ದೆ, ಏಳು ವಾಲ್ವ್ ಚೆನ್ನಾಗಿ ತೆಗೀತು. ಕಾಯಿಲ್ ಮುಳುಗಿಸ್ಬೇಡಿ, ಬಾಯಿ ಮಾತ್ರ. ಹುಣಸೆಹಣ್ಣಿನ ನೀರಲ್ಲೂ ನೋಡ್ದೆ, ಉಪ್ಪು ಬಿಡೋದೂ ನಿಧಾನ, ಸಾಲದ್ದಕ್ಕೆ ನಾರು ಜಾಲರಿಗೆ ಸಿಕ್ಕಾಕೊಂಡು ಇನ್ನೊಂದು ಕೆಲಸ ಆಯ್ತು.

ಎಲ್ಲಾ ಕೇಸೂ ಇದೇ ಅಂತ ಹೇಳ್ತಿಲ್ಲ. ವಾಲ್ವ್ ಸದ್ದೇ ಬರ್ತಿಲ್ಲ, ಒಳಗೆ ನೀರೂ ಇಲ್ಲ ಅಂದ್ರೆ ಒಳಗೆ ನೀರು ಎಷ್ಟಿದೆ ಅಂತ ನೋಡೋ ಪ್ರೆಶರ್ ಸ್ವಿಚ್‌ನ ಸಣ್ಣ ಟ್ಯೂಬ್ ನೋಡಿ, ಕೊಳೆ ಕಟ್ಟಿ ಗಾಳಿ ಒಳಗೇ ಉಳಿದ್ರೆ ಮಷಿನ್ ಆಗ್ಲೇ ತುಂಬಿದೆ ಅಂದ್ಕೊಂಡಿರುತ್ತೆ. ಆದ್ರೆ ಗುಂಯ್ ಅಂತಿದೆ, ಜಿನುಗ್ತಿದೆ, ಬೆಳಿಗ್ಗೆ ಸರಿ ಸಾಯಂಕಾಲ ಇಲ್ಲ ಅಂದ್ರೆ ಸ್ಕ್ರೂಡ್ರೈವರ್ ಮುಟ್ಬೇಡಿ, ಪೈಪ್ ಕಟ್ಟಿ. 15 ಅಡಿ ತಗೊಳ್ಳಿ, ಒಳಗೆ ಗುಳ್ಳೆ ಇರಬಾರ್ದು, ಮೇಲಿನ ಬಾಯಿ ತೆಗೆದೇ ಇರಬೇಕು, ಬೆರಳಲ್ಲಿ ಮುಚ್ಚಿದ್ರೂ ಅಳತೆ ಸುಳ್ಳು ಬರುತ್ತೆ.