ಎಸ್ಪ್ರೆಸೊ ಕಾಪಿ ಮೆಷಿನ್‌ನ ಬಾಯ್ಲರ್‌ಗೆ ಪಿಐಡಿ ಕೂರಿಸಿದ್ದು: ನನ್ನ ಅನುಭವ

"ಎರಡು ಗುಟುಕು ಕಾಪಿಗೆ ಇಷ್ಟೆಲ್ಲ ವಯರಿಂಗ್ ಯಾಕೆ ಮಾರಾಯಾ?" ಅಂತ ಭಾವ ನಕ್ಕಿದ್ದರು. ಮಂಗಳೂರಿನ ಒಬ್ಬ ರಿಪೇರಿಯವನು "ನಿಮ್ಮ ಬದಿಯಡ್ಕದ ವೋಲ್ಟೇಜ್‌ಗೆ ಇದೆಲ್ಲ ನಿಲ್ಲುವುದಿಲ್ಲ" ಎಂದು ವಾಪಸ್ ಕಳಿಸಿದ್ದ. ಈಗ ಗಟ್ಟಿಯಾಗಿ ನಿಂತಿದೆ, ಬಾಯ್ಲರ್‌ನ ಬಿಸಿಯನ್ನು ಒಂದೇ ಸಮ ಇಡುವ ಈ ಪಿಐಡಿ ಕಂಟ್ರೋಲರ್. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಸೆಕೆಂಡ್‌ಹ್ಯಾಂಡ್ ಸಿಂಗಲ್ ಬಾಯ್ಲರ್ ಮೆಷಿನ್. ಸುಮಾರು 15 ಸಾವಿರಕ್ಕೆ ಸಿಕ್ಕಿತ್ತು. ಇಂಥದ್ದರಲ್ಲಿ ಹೀಟರನ್ನು ಆನ್-ಆಫ್ ಮಾಡುವ ಥರ್ಮೋಸ್ಟಾಟ್‌ನದ್ದೇ ಕಾಟ, ಬಿಸಿ ಒಂದೇ ಸಮ ನಿಲ್ಲುವುದಿಲ್ಲ. ಅದೇ ಪುಡಿ, ಅದೇ 18 ಗ್ರಾಂ. ಒಂದು ಶಾಟ್ (ಒಂದು ಸಲ ಇಳಿಸಿದ ಕಾಪಿ) ಕಹಿ, ಮುಂದಿನದ್ದು ಹುಳಿ.

ಮೊದಲು ತಂದ ಪಿಐಡಿ ಕಂಟ್ರೋಲರ್ ರಿಲೇ ಔಟ್‌ಪುಟ್‌ನದ್ದು, ಅಂದರೆ ಒಳಗೇ ಸ್ವಿಚ್ ಇರುವಂಥದ್ದು. ಹೀಟರ್‌ಗೆ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್ ಎಸ್‌ಎಸ್‌ಆರ್‌ಗೆ ಬೇಕಾದ ಸಣ್ಣ ವೋಲ್ಟೇಜ್ ಅದರಿಂದ ಬರುವುದಿಲ್ಲ, ದೀಪ ಹತ್ತಲೇ ಇಲ್ಲ. 1,200 ರೂಪಾಯಿ ಕಪಾಟಿಗೆ ಹೋಯಿತು. ಎರಡನೆಯದ್ದು ಸರಿಯಾದದ್ದೇ, ಆದರೆ ಬಿಸಿ ಅಳೆಯುವ ಥರ್ಮೋಕಪಲ್‌ನ ಎರಡು ವಯರನ್ನು ಅದಲುಬದಲು ಸಿಕ್ಕಿಸಿದ್ದೆ. ಸ್ವಿಚ್ ಹಾಕಿದರೆ ಅಂಕಿ 30, 26, 21 ಅಂತ ಇಳಿಯುತ್ತಾ ಹೋಯಿತು. ಅಬ್ಬಾ, ತಣ್ಣಗಾಗುವ ಬಾಯ್ಲರ್! ಅಷ್ಟರಲ್ಲಿ ಕಾಪಿ ಇಳಿಯುವ ಗ್ರೂಪ್‌ನಿಂದ ಬುಸ್ಸೆಂದು ಹಬೆ ಬಂತು. ಓಡಿ ಹೋಗಿ ಪ್ಲಗ್ ಕಿತ್ತೆ.

ದೊಡ್ಡ ಪೆಟ್ಟು ಕೊಟ್ಟದ್ದು 300 ರೂಪಾಯಿಯ ಎಸ್‌ಎಸ್‌ಆರ್. ಮೇಲೆ 40 ಆಂಪಿಯರ್ ಎಂದು ಬರೆದಿತ್ತು, ಮೂರನೇ ವಾರ ಶಾರ್ಟ್ ಆಯಿತು. ಬಿಸಿ ಹೊರಹಾಕುವ ಹೀಟ್‌ಸಿಂಕ್ ಹಾಕದೆ ಸುಮ್ನೆ ತಗಡಿಗೆ ಕೂರಿಸಿದ್ದು ನನ್ನ ತಪ್ಪು. ಎಸ್‌ಎಸ್‌ಆರ್ ಹೆಚ್ಚಾಗಿ ಹೋಗುವುದು ಹೀಗೇ ಅಲ್ವಾ, ಆನ್ ಆಗಿಯೇ ಸಾಯುತ್ತದೆ, ಹೀಟರ್ ಉರಿಯುತ್ತಲೇ ಇರುತ್ತದೆ. ನಾನೋ ಕಾಪಿಯದ್ದು, ಹಬೆಯದ್ದು ಎರಡೂ ಥರ್ಮೋಸ್ಟಾಟ್ ಕಿತ್ತು ಹಾಕಿದ್ದೆ. ಬಿಸಿ ಮಿತಿ ಮೀರಿದರೆ ಕಡಿಯುವ ಥರ್ಮಲ್ ಫ್ಯೂಸ್ ಒಂದು ಉಳಿದದ್ದಕ್ಕೆ ಅಡುಗೆಮನೆ ಉಳಿಯಿತು. ಈಗ ಸ್ಟೀಮ್ ಥರ್ಮೋಸ್ಟಾಟನ್ನು ಹೀಟರ್ ಲೈನಿನಲ್ಲಿ ವಾಪಸ್ ಹಾಕಿದ್ದೇನೆ, ಕಾವಲು ಕಾಯಲಿಕ್ಕೆ. ಇದನ್ನು ಮಾತ್ರ ಬಿಡಬೇಡಿ. ಅರ್ತ್ ಕೂಡ.

ಇನ್ನು ವೋಲ್ಟೇಜ್. ಬೇಸಿಗೆಯ ಸಂಜೆ ಎಲ್ಲರ ಅಡಿಕೆ ತೋಟದ ಪಂಪ್ ಒಟ್ಟಿಗೆ ಓಡುವಾಗ ನಮ್ಮಲ್ಲಿ 190ಕ್ಕೆ ಇಳಿಯುತ್ತದೆ. 230ರಿಂದ ಅಷ್ಟು ಇಳಿದರೆ ಹೀಟರ್‌ನ ಬಲದಲ್ಲಿ ಮೂರರಲ್ಲಿ ಒಂದು ಪಾಲು ಹೋದ ಹಾಗೆ. ಕಂಟ್ರೋಲರ್ ತನ್ನ ಅಂಕಿಗಳನ್ನು ತಾನೇ ಲೆಕ್ಕ ಹಾಕಿಕೊಳ್ಳುವ ಆಟೋಟ್ಯೂನನ್ನು ನಾನು ಮಾಡಿದ್ದು ಸಂಜೆ. ಮರುದಿನ ಬೆಳಿಗ್ಗೆ ಹೀಟರ್‌ಗೆ ಪೂರ್ತಿ ಬಲ ಬಂತು, 104 ಡಿಗ್ರಿಗೆ ಸೆಟ್ ಮಾಡಿದ್ದು 111ರ ತನಕ ಹಾರಿತು. ಆಮೇಲೆ ಬೆಳಿಗ್ಗೆ ಆರಕ್ಕೆ ಎದ್ದು ಟ್ಯೂನ್ ಮಾಡಿದೆ. ಬಂದ ಅಂಕಿಗಳಲ್ಲಿ ಒಂದನ್ನು ಕೈಯಲ್ಲೇ ತಿದ್ದಿದ್ದೇನೆ. ಯಾವುದು, ಎಷ್ಟು ಅಂತ ಹೇಳುವುದಿಲ್ಲ. ಅದಕ್ಕೆ ಒಂದು ತಿಂಗಳ ಕಾಪಿಬೀಜ ಮುಗಿದಿದೆ. ಈಗ ಬೆಳಿಗ್ಗೆಯೂ ಸಂಜೆಯೂ ಒಂದು ಡಿಗ್ರಿ ಆಚೀಚೆ, ಅಷ್ಟೇ. ಬಾಯ್ಲರ್ 104 ಇದ್ದರೂ ನೀರು ಇಳಿಯುವ ದಾರಿಯಲ್ಲಿ ಬಿಸಿ ಕಳೆದುಕೊಳ್ಳುತ್ತದೆ, ಥರ್ಮೋಕೋಲ್ ಲೋಟದಲ್ಲಿ ಹಿಡಿದು ನೋಡಿದರೆ ಹತ್ತಿರ ಹತ್ತಿರ 93.

ನಡುವೆ ಒಂದು ಹುಚ್ಚು. ತೋಟದ ಬದಿಯ ನಾಲ್ಕು ರೊಬಸ್ಟಾ ಗಿಡದ ಬೀಜವನ್ನು ಕಾವಲಿಯಲ್ಲಿ ಹುರಿದು, ಚಿಕ್ಕಮಗಳೂರಿನ ಅರೇಬಿಕಾಕ್ಕೆ ಕಾಲು ಪಾಲು ಬೆರೆಸಿದೆ. 104ರಲ್ಲಿ ಎಳೆ ಅಡಿಕೆ ಜಗಿದಷ್ಟು ಚೊಗರು. 100ಕ್ಕೆ ಇಳಿಸಿದೆ, ಬೆಲ್ಲದ ಪಾಕದ ವಾಸನೆ ಬಂತು. ಹಳೇ ಥರ್ಮೋಸ್ಟಾಟ್ ಇದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಕಪಾಟಿನ ರಿಲೇ ಕಂಟ್ರೋಲರ್‌ಗೂ ಕೆಲಸ ಸಿಕ್ಕಿದೆ, ಬಲ್ಬ್ ಹಾಕಿದ ಪೆಟ್ಟಿಗೆಯಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುತ್ತಿದೆ.

ಹಾಳು ಮಾಡಿದ್ದೂ ಸೇರಿ ಖರ್ಚು ನಾಲ್ಕೂವರೆ ಸಾವಿರ ಇರಬಹುದು. ಹಾಲು ಬೇಕಾದವರಿಗೆ, ಅದನ್ನು ಬಿಸಿ ಮಾಡುವ ಹಬೆಗಾಗಿ ಬಟನ್ ಒತ್ತಿ 140ಕ್ಕೆ ಏರಿಸಿ ಕಾಯಬೇಕು, ಅದೊಂದು ರಗಳೆ ಉಳಿದಿದೆ. ಭಾವನಿಗೆ ಕಾಯುವ ತಾಳ್ಮೆ ಇಲ್ಲ. ಈಗ ಭಾನುವಾರ ಬಂದರೆ ಕಪ್ಪು ಕಾಪಿಯನ್ನೇ ಎರಡು ಸಲ ಕೇಳುತ್ತಾರೆ.