ಹತ್ತನೇ ಕ್ಲಾಸಿನ ಟೆನ್ಷನ್: ಬುದ್ಧಿಮಾತಿಗೆ ಮೊದಲು ಮನೆಯವರು ಮಾಡಬೇಕಾದ್ದು

ಜನವರಿ ಬಂತೆಂದರೆ ಎಸ್‌ಎಸ್‌ಎಲ್‌ಸಿ ಮಕ್ಕಳಿರುವ ಮನೆಗಳ ಚಹರೆಯೇ ಬದಲಾಗುತ್ತದೆ. ಟಿವಿ ಬಂದ್. ಊರ ಜಾತ್ರೆಗೆ ಈ ಸಲ ಯಾರೂ ಹೋಗುವುದಿಲ್ಲ. ನೆಂಟರ ಮದುವೆಗೆ ಅಪ್ಪ ಒಬ್ಬರೇ ಹೋಗಿ ಮುಖ ತೋರಿಸಿ ಬರುತ್ತಾರೆ. ಎಲ್ಲವೂ ಮಕ್ಕಳ ಒಳ್ಳೆಯದಕ್ಕೇ ಮಾಡುವುದು. ಆದರೆ ಹದಿನೈದರ ಆ ಹುಡುಗ ಅಥವಾ ಹುಡುಗಿಗೆ ಅನ್ನಿಸುವುದೇ ಬೇರೆ: ‘ನನ್ನಿಂದಾಗಿ ಮನೆಮಂದಿಯೆಲ್ಲ ಸುಖ ಬಿಟ್ಟು ಕೂತಿದ್ದಾರೆ, ನಾನು ಮಾರ್ಕ್ಸ್ ತೆಗೆಯದಿದ್ದರೆ ಏನು ಗತಿ?’

ಸ್ವಲ್ಪ ಒತ್ತಡ ಇದ್ದರೆ ಕೆಟ್ಟದ್ದೇನಲ್ಲ. ಪರೀಕ್ಷೆ ಹತ್ತಿರವಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳು ಏರುತ್ತವೆ. ಎದೆ ಡವಡವ ಅನ್ನುತ್ತದೆ, ಗಮನ ಚುರುಕಾಗುತ್ತದೆ. ಕೆಲಸ ಮುಗಿದ ಮೇಲೆ ಇಳಿಯುತ್ತವೆ. ವಾರಗಟ್ಟಲೆ ಇಳಿಯದೇ ಉಳಿದರೆ ಮಾತ್ರ ತೊಂದರೆ. ಆಗ ನಿದ್ದೆ ಕೆಡುತ್ತದೆ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ.

‘ಟೆನ್ಷನ್ ಮಾಡ್ಕೋಬೇಡ’ ಎಂದು ಹೇಳಿದರೆ ಯಾರ ಟೆನ್ಷನ್ನೂ ಇಳಿಯುವುದಿಲ್ಲ. ಮಕ್ಕಳ ದಿನವನ್ನು ಸರಿಮಾಡಿದರೆ ಇಳಿಯುತ್ತದೆ. ಅದಕ್ಕೇ ಈ ಲೇಖನದಲ್ಲಿ ನಿದ್ದೆ, ಆಟ ಮೊದಲು ಬರುತ್ತವೆ, ಮಾತು ಆಮೇಲೆ.

1. ಮೊದಲು ಗಮನಿಸಿ

ಹದಿಹರೆಯದವರು ‘ನನಗೆ ಒತ್ತಡವಾಗಿದೆ’ ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಅವರ ದೇಹ ಹೇಳುತ್ತದೆ. ಶಾಲೆಗೆ ಹೊರಡುವ ಹೊತ್ತಿಗೇ ಹೊಟ್ಟೆನೋವು, ಟೆಸ್ಟ್ ಇರುವ ದಿನವೇ ತಲೆನೋವು ಬರಬಹುದು. ಊಟ ಸೇರದೆ ಹೋಗಬಹುದು, ಇಲ್ಲವೇ ಹೊತ್ತುಗೊತ್ತಿಲ್ಲದೆ ತಿನ್ನುತ್ತಿರಬಹುದು. ಕೆಲವು ಹುಡುಗಿಯರಲ್ಲಿ ಮುಟ್ಟು ಏರುಪೇರಾಗುತ್ತದೆ. ಇದನ್ನು ‘ನಾಟಕ’ ಎಂದು ತಳ್ಳಿಹಾಕಬೇಡಿ. ಡಾಕ್ಟರ್ ನೋಡಿ ಬೇರೇನೂ ಕಾಯಿಲೆ ಇಲ್ಲ ಎಂದರೂ ಮಗುವಿಗೆ ಆಗುವ ನೋವು ನಿಜವಾದದ್ದೇ.

ಇನ್ನೊಂದು ಮಾತು. ದೊಡ್ಡವರಲ್ಲಿ ಮನಸ್ಸು ಕುಗ್ಗಿದರೆ ಬೇಸರವಾಗಿ ಕಾಣಿಸುತ್ತದೆ. ಈ ವಯಸ್ಸಿನಲ್ಲಿ ಅದು ಎಷ್ಟೋ ಸಲ ಸಿಡುಕಾಗಿ ಹೊರಬರುತ್ತದೆ. ಬಾಗಿಲು ದಡಾರ್ ಎಂದು ಹಾಕಿಕೊಳ್ಳುವ ಹುಡುಗ ಸೊಕ್ಕಿನಿಂದಲೇ ಹಾಗೆ ಮಾಡುತ್ತಿದ್ದಾನೆ ಎಂದು ತೀರ್ಮಾನಿಸುವ ಮೊದಲು, ಅವನು ಈಚೆಗೆ ಎಷ್ಟು ನಿದ್ದೆ ಮಾಡಿದ್ದಾನೆ ಎಂದು ನೋಡಿ.

2. ದಿನದ ಗಂಟೆಗಳನ್ನು ಹಾಳೆಯ ಮೇಲೆ ಬರೆಯಿರಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಒಂದು ಭಾನುವಾರ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಅವರ ಮಾಮೂಲಿ ದಿನವನ್ನು ಬರೆಯಿರಿ. ಬೆಳಿಗ್ಗೆ 5ಕ್ಕೆ ಎದ್ದು 5.30ಕ್ಕೆ ಟ್ಯೂಷನ್. ಆಮೇಲೆ ಬಸ್ಸು, ಶಾಲೆ, ಶಾಲೆ ಬಿಟ್ಟ ಮೇಲೆ ಸ್ಪೆಷಲ್ ಕ್ಲಾಸ್. ಸಂಜೆ ಇನ್ನೊಂದು ಟ್ಯೂಷನ್. ಊಟ, ಹೋಂವರ್ಕ್. ಮಲಗುವಾಗ ರಾತ್ರಿ 11.30. ಕೂಡಿಸಿ ನೋಡಿ: ನಿದ್ದೆಗೆ ಸಿಕ್ಕಿದ್ದು ಐದೂವರೆ ಗಂಟೆ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾ ತಜ್ಞರು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ನಿದ್ದೆಗೆಟ್ಟು ಓದುವ ಹೆಚ್ಚಿನ ಎರಡು ಗಂಟೆ ಅಷ್ಟೂ ಲಾಭವಲ್ಲ, ಮರುದಿನ ಕ್ಲಾಸಿನಲ್ಲಿ ತೂಕಡಿಸಿ ಅದನ್ನು ಕಳೆದುಕೊಳ್ಳುತ್ತಾರೆ. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ ಎನ್ನುವುದೂ ಗೊತ್ತಿರಲಿ. 9 ಗಂಟೆಗೆ ಮಲಗು ಎಂದರೆ ನಿದ್ದೆ ಬಾರದೆ ಹೊರಳಾಡುವುದು, ಬೆಳಗಿನ ಜಾವ ಎಬ್ಬಿಸಿದರೆ ಏಳಲಾಗದೆ ಒದ್ದಾಡುವುದು ಸೋಮಾರಿತನವಲ್ಲ. ಅವರ ದೇಹದ ಗಡಿಯಾರ ಈ ವಯಸ್ಸಿನಲ್ಲಿ ಓಡುವುದೇ ಹಾಗೆ.

ಹಾಳೆಯಲ್ಲಿ ಬರೆದದ್ದರಲ್ಲಿ ಏನನ್ನು ಬಿಡಬಹುದು? ಎರಡು ಟ್ಯೂಷನ್ ಇದ್ದರೆ ಒಂದನ್ನು ಬಿಡಿಸಿ. ಯಾವುದು ಬೇಡ ಎಂದು ಅವರೇ ಹೇಳಲಿ. ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ಬೆಳಗಿನ ಟ್ಯೂಷನ್ ಅಂತೂ ಬಲು ದುಬಾರಿ, ಅದರ ಬೆಲೆಯನ್ನು ನಿದ್ದೆಯಲ್ಲಿ ಕೊಡುತ್ತಾರೆ. ಹುಡುಗಿಯರ ದಿನದಲ್ಲಿ ಪಾತ್ರೆ, ಕಸ, ತಮ್ಮನ ಹೋಂವರ್ಕ್ ಇವೆಲ್ಲ ಸೇರಿರುತ್ತವೆ. ಹಾಳೆಯಲ್ಲಿ ಅವನ್ನೂ ಬರೆಯಿರಿ, ಮನೆಯ ಉಳಿದವರು ಹಂಚಿಕೊಳ್ಳಿ.

ಸಂಜೆ 4ರ ನಂತರ ಕಾಫಿ, ಟೀ ಬೇಡ. ಕಾಫಿಯಲ್ಲಿನ ಕೆಫೀನ್ ಅರ್ಧಕ್ಕೆ ಇಳಿಯುವುದಕ್ಕೇ ಸುಮಾರು 5 ಗಂಟೆ ಬೇಕು. ರಾತ್ರಿ ಓದಲು ಕಪ್ ಮೇಲೆ ಕಪ್ ಕಾಫಿ ಮಾಡಿಕೊಡುವ ಅಮ್ಮಂದಿರ ಪ್ರೀತಿ ದೊಡ್ಡದು, ಆದರೆ ಆ ಕಾಫಿ ಎದೆಬಡಿತವನ್ನೂ ಚಡಪಡಿಕೆಯನ್ನೂ ಜಾಸ್ತಿ ಮಾಡುತ್ತದೆ.

3. ಆಟ ಬಿಡಿಸಬೇಡಿ

ಹತ್ತನೇ ಕ್ಲಾಸ್ ಎಂದ ಕೂಡಲೇ ಮೊದಲು ನಿಲ್ಲುವುದು ಆಟ. ಇದು ತಪ್ಪು ಲೆಕ್ಕ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕ್ರಿಕೆಟ್, ಕಬಡ್ಡಿ, ಶಟಲ್, ಸೈಕಲ್, ಭರತನಾಟ್ಯ ಯಾವುದಾದರೂ ಸರಿ. ಪರೀಕ್ಷೆಯ ತಿಂಗಳಲ್ಲಿ ಪೂರ್ತಿ ಒಂದು ಗಂಟೆ ಆಗದಿದ್ದರೆ ಅರ್ಧ ಗಂಟೆಯಾದರೂ ಇರಲಿ. ಓಡಿ ಬೆವರಿದ ಮೇಲೆ ರಾತ್ರಿ ನಿದ್ದೆ ಬೇಗ ಹತ್ತುತ್ತದೆ, ತಲೆಯಲ್ಲಿ ಗಿರಕಿ ಹೊಡೆಯುವ ಯೋಚನೆಗಳೂ ಸ್ವಲ್ಪ ಸುಮ್ಮನಾಗುತ್ತವೆ.

4. ಮಾತಾಡಿ, ಆದರೆ ಕೇಳಿಸಿಕೊಳ್ಳುವುದು ಜಾಸ್ತಿ ಇರಲಿ

ಎದುರು ಕೂರಿಸಿಕೊಂಡು ‘ಏನಾಗಿದೆ ಹೇಳು’ ಎಂದರೆ ‘ಏನಿಲ್ಲ’ ಎಂಬ ಉತ್ತರ ಬರುತ್ತದೆ. ಬೈಕಿನಲ್ಲಿ ಕರೆದುಕೊಂಡು ಹೋಗುವಾಗ, ಬಟಾಣಿ ಸುಲಿಯುವಾಗ, ಅಂಗಡಿಗೆ ನಡೆದು ಹೋಗುವಾಗ ಮಾತು ತಾನಾಗಿ ಬರುತ್ತದೆ. ಮುಖಕ್ಕೆ ಮುಖ ಕೊಡಬೇಕಾಗಿಲ್ಲದಿದ್ದರೆ ಈ ವಯಸ್ಸಿನವರಿಗೆ ಹೇಳುವುದು ಸುಲಭ.

ಮಗಳು ‘ಅಮ್ಮಾ, ನನ್ ಕೈಲಿ ಆಗ್ತಿಲ್ಲ’ ಎಂದಳು ಅಂದುಕೊಳ್ಳಿ. ‘ಯಾಕ್ ಆಗಲ್ಲ? ನಿಮ್ಮಪ್ಪ ಬೀದಿ ದೀಪದ ಕೆಳಗೆ ಓದಿಲ್ವಾ?’ ಎಂದರೆ ಮಾತು ಅಲ್ಲಿಗೇ ಮುಗಿಯಿತು. ‘ಸುಸ್ತಾಗಿದೀಯ ಅನ್ಸತ್ತೆ ಪುಟ್ಟಾ. ಯಾವುದು ಜಾಸ್ತಿ ಕಷ್ಟ ಆಗ್ತಿದೆ?’ ಎಂದು ಕೇಳಿ ಸುಮ್ಮನಿರಿ. ಅವಳು ಹೇಳುವಷ್ಟು ಹೇಳಲಿ. ಅಳು ಬಂದರೆ ಅಳಲಿ. ಪರಿಹಾರ ಆಮೇಲೆ.

ಹೋಲಿಕೆಯನ್ನಂತೂ ಪೂರ್ತಿ ಬಿಟ್ಟುಬಿಡಿ. ‘ಪಕ್ಕದ ಮನೆ ಹುಡುಗಿ ನೋಡು’ ಎಂಬ ಮಾತಿನಿಂದ ಯಾರೂ ಹೆಚ್ಚು ಓದಿದ್ದಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳನ್ನು ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವುದೂ ಬೇಡ. ಅತ್ತೆ, ಚಿಕ್ಕಪ್ಪ ಫೋನ್ ಮಾಡಿ ‘ಎಷ್ಟು ಪರ್ಸೆಂಟ್ ನಿರೀಕ್ಷೆ?’ ಎಂದು ಕೇಳಿದರೆ ಉತ್ತರ ನೀವೇ ಕೊಡಿ, ಫೋನನ್ನು ಮಗುವಿನ ಕೈಗೆ ದಾಟಿಸಬೇಡಿ.

5. ಗಾಬರಿಯಾದಾಗ ಉಸಿರಾಟ

ಇದನ್ನು ಪರೀಕ್ಷೆಯ ಹಿಂದಿನ ದಿನ ಕಲಿಸಿದರೆ ಪ್ರಯೋಜನವಿಲ್ಲ. ಒಂದು ತಿಂಗಳು ಮೊದಲೇ, ಮನಸ್ಸು ಸಮಾಧಾನವಾಗಿರುವಾಗ ಕಲಿಸಿ.

ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ಮೂಗಿನಿಂದ ನಿಧಾನಕ್ಕೆ 4 ಎಣಿಸುವಷ್ಟು ಹೊತ್ತು ಉಸಿರೆಳೆದುಕೊಳ್ಳಬೇಕು. ಹೊಟ್ಟೆ ಉಬ್ಬಬೇಕು, ಭುಜ ಮೇಲೇಳಬಾರದು. ಆಮೇಲೆ 6 ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಬೇಕು. 5 ನಿಮಿಷ ಹೀಗೇ ಮಾಡುವುದು. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ. ಅದಕ್ಕೇ ಬಿಡುವ ಹೊತ್ತು ಎಳೆಯುವ ಹೊತ್ತಿಗಿಂತ ಉದ್ದ ಇರಬೇಕು. ಮಲಗುವ ಮುನ್ನ ಮನೆಯವರೂ ಜೊತೆಯಲ್ಲೇ ಮಾಡಿದರೆ ರೂಢಿಯಾಗುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದು ಎಲ್ಲ ಮರೆತಂತಾದಾಗ ಪೆನ್ ಕೆಳಗಿಟ್ಟು ಹೀಗೆ ನಾಲ್ಕೈದು ಉಸಿರು ತೆಗೆದುಕೊಂಡರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ.

6. ಓದನ್ನು ತುಂಡು ಮಾಡಿ

‘ಗಣಿತ ಓದಬೇಕು’ ಎಂದರೆ ಬೆಟ್ಟದಂತೆ ಕಾಣುತ್ತದೆ. ‘ಇವತ್ತು ಸಂಜೆ ತ್ರಿಕೋನಮಿತಿಯ ಐದು ಲೆಕ್ಕ’ ಎಂದರೆ ಕೈಗೆ ಸಿಗುತ್ತದೆ. 40 ನಿಮಿಷ ಓದು, 10 ನಿಮಿಷ ಬಿಡುವು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದರೆ ಪರೀಕ್ಷೆಯ ದಿನ ಅಪರಿಚಿತ ಅನ್ನಿಸುವುದಿಲ್ಲ. ಫೋನ್ ಓದುವ ಕೋಣೆಯಿಂದ ಹೊರಗಿರಲಿ, ರಾತ್ರಿಯೂ ಹೊರಗೇ. ಅಲಾರಾಂಗೆ ಒಂದು ಟೇಬಲ್ ಗಡಿಯಾರ ತಂದುಕೊಡಿ. ಈ ನಿಯಮ ಅಪ್ಪ ಅಮ್ಮನಿಗೂ ಇದ್ದರೆ ಮಾತ್ರ ನಡೆಯುತ್ತದೆ.

7. ಫಲಿತಾಂಶದ ಮಾತನ್ನು ಮೊದಲೇ ಆಡಿ

ಭಯದ ಬೇರು ಇರುವುದು ಇಲ್ಲಿ. ಕಡಿಮೆ ಬಂದರೆ ಏನಾಗುತ್ತದೆ ಎಂದು ಮನೆಯಲ್ಲಿ ಯಾರೂ ಮಾತಾಡದಿದ್ದರೆ ಮಕ್ಕಳು ಅತಿ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ. ಅದಕ್ಕೆ ಪರೀಕ್ಷೆಗೆ ಮೊದಲೇ ಕೂತು ದಾರಿಗಳನ್ನು ಹೇಳಿ. 2024ರಿಂದ ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿ ಮಕ್ಕಳಿಗೆ ಅದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಜಾಸ್ತಿ ಬಂದ ಅಂಕ ಉಳಿಯುತ್ತದೆ. ವಿಜ್ಞಾನ ಸಿಗದಿದ್ದರೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐ ಇದೆ, ವಾಣಿಜ್ಯ ಇದೆ, ಕಲಾ ವಿಭಾಗ ಇದೆ.

ಫಲಿತಾಂಶ ಬರುವ ದಿನ ಮನೆಯಲ್ಲಿ ಒಬ್ಬರಾದರೂ ದೊಡ್ಡವರು ಇರಲೇಬೇಕು. ರಜೆ ಹಾಕಿ. ರಿಸಲ್ಟನ್ನು ಜೊತೆಯಲ್ಲೇ ಕೂತು ನೋಡಿ. ಅಂಕ ಎಷ್ಟೇ ಇರಲಿ, ಮೊದಲ ಮಾತು ‘ಬಾ, ಊಟ ಮಾಡೋಣ’ ಎಂಬಂಥದ್ದೇ ಆಗಿರಲಿ. ಅಂಕದ ಮಾತು ಮರುದಿನ ಆಡಿದರಾಯಿತು. ಅವತ್ತು, ಅದರ ಮರುದಿನವೂ, ಮಗುವನ್ನು ಒಂಟಿಯಾಗಿ ಬಿಡಬೇಡಿ.

8. ಯಾವಾಗ ಸಹಾಯ ಕೇಳಬೇಕು?

ಎರಡು ವಾರ ಕಳೆದರೂ ಬೇಸರ ಅಥವಾ ಸಿಡುಕು ಇಳಿಯದಿದ್ದರೆ, ಗೆಳೆಯರನ್ನು ದೂರ ಮಾಡಿದರೆ, ಇಷ್ಟದ ಕೆಲಸವೂ ಬೇಡವಾದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ ತಡ ಮಾಡಬೇಡಿ. ಮೈಮೇಲೆ ಕೊಯ್ದುಕೊಂಡ ಗಾಯ ಕಂಡರೆ, ‘ನಾನಿಲ್ಲದಿದ್ರೆ ಎಲ್ಲರಿಗೂ ಆರಾಮ’ ಎಂಬ ಮಾತು ಬಂದರೆ, ಇಷ್ಟದ ವಸ್ತುಗಳನ್ನು ಬೇರೆಯವರಿಗೆ ಕೊಡತೊಡಗಿದರೆ ಒಂದು ದಿನವೂ ಕಾಯಬೇಡಿ. ‘ಸಾಯಬೇಕು ಅನ್ಸುತ್ತಾ ಕಂದಾ?’ ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳಿದರೆ ಮಗುವಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹೌದು ಎಂದರೆ ಬೈಯಬೇಡಿ, ಅಳುತ್ತಾ ಆಣೆ ಹಾಕಿಸಿಕೊಳ್ಳಬೇಡಿ, ಪಕ್ಕದಲ್ಲೇ ಇರಿ. ಮನೆಯಲ್ಲಿ ಮಾತ್ರೆಗಳಿದ್ದರೆ, ಹೊಲಕ್ಕೆ ಹೊಡೆಯುವ ಔಷಧಿ ಇದ್ದರೆ ಬೀಗ ಹಾಕಿಡಿ, ಇಲ್ಲವೇ ಮನೆಯಿಂದಲೇ ಹೊರಗೆ ಸಾಗಿಸಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

14416 ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಶಾಲೆಯಲ್ಲಿ ಮಗು ನಂಬುವ ಒಬ್ಬ ಟೀಚರ್‌ಗೂ ವಿಷಯ ತಿಳಿಸಿ. ಆದರೆ ಯಾರಿಗೆ, ಎಷ್ಟು ಹೇಳಬೇಕೆಂದು ಮಗುವನ್ನು ಕೇಳಿಯೇ ಹೇಳಿ.

‘ನಾನೇನು ಹುಚ್ಚನಾ, ಡಾಕ್ಟರ್ ಹತ್ರ ಬರಲ್ಲ’ ಎಂದು ಮಗ ಹಟ ಹಿಡಿದರೆ, 14416ಕ್ಕೆ ಮೊದಲು ನೀವೇ ಫೋನ್ ಮಾಡಿ. ಮನೆಯಲ್ಲಿ ಏನಾಗುತ್ತಿದೆ ಎಂದು ಹೇಳಿ, ಅವನ ಜೊತೆ ಹೇಗೆ ಮಾತಾಡಬೇಕೆಂದು ಅವರನ್ನೇ ಕೇಳಿ. ತಂದೆತಾಯಿಯೂ ಆ ಸಂಖ್ಯೆಗೆ ಕರೆ ಮಾಡಬಹುದು.