ಮೊಳೆ ಹೊಡೆಯದೆ ಬಾಡಿಗೆ ಮನೆ ಜೋಡಿಸುವ ಬಗೆ

ಸಾಮಾನು ಬಿಚ್ಚುವ ಮೊದಲು ಗೋಡೆಯ ಮೇಲೆ ಬೆರಳು ಎಳೆದು ನೋಡಿ. ಬಿಳಿ ಪುಡಿ ಹತ್ತಿದರೆ ಅದು ಸುಣ್ಣ, ಇಲ್ಲವೇ ಹಳೇ ಡಿಸ್ಟೆಂಪರ್. ಮೈಸೂರಿನ ಅಗ್ರಹಾರ, ಚಾಮುಂಡಿಪುರಂ ಕಡೆಯ ಹಳೇ ಮನೆಗಳಲ್ಲಿ ಇಂಥ ಗೋಡೆ ಈಗಲೂ ಸಿಗುತ್ತದೆ. ಇಲ್ಲಿ ಅಂಟಿಸುವ ಹುಕ್ ಬೇಡವೇ ಬೇಡ. ಅಂಟು ಹಿಡಿಯುವುದು ಮೇಲಿನ ಪುಡಿಯನ್ನು, ಗೋಡೆಯನ್ನಲ್ಲ. ಎರಡು ದಿನಕ್ಕೆ ಹುಕ್ ಬೀಳುತ್ತದೆ, ಜೊತೆಗೆ ಅಂಗೈಯಗಲ ಬಣ್ಣವೂ ಬರುತ್ತದೆ. ಪುಡಿ ಹತ್ತದಿದ್ದರೆ ಬಾಗಿಲ ಹಿಂದೆ, ಕಣ್ಣಿಗೆ ಬೀಳದ ಕಡೆ ಎರಡಿಂಚು ಸೆಲ್ಲೋಟೇಪ್ ಒತ್ತಿ ಅಂಟಿಸಿ ಕಿತ್ತು ನೋಡಿ. ಟೇಪಿಗೆ ಬಣ್ಣ ಬಂದರೆ ಅಲ್ಲೂ ಬೇಡ.

ಇನ್ನೊಂದು ಕೆಲಸ ಅದೇ ದಿನ ಮುಗಿಸಿ. ಗೋಡೆಯಲ್ಲಿ ಮೊದಲೇ ಇರುವ ಮೊಳೆ, ತೂತು, ಬಿರುಕು, ನೀರು ಇಳಿದ ಕಲೆ ಎಲ್ಲದರ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್‌ ಮಾಡಿ. ಬಿಡುವಾಗ ಪೇಂಟಿಂಗ್‌ ಎಂದು ಅಡ್ವಾನ್ಸ್‌ನಲ್ಲಿ ಹಿಡಿಯುವುದು ರೂಢಿ. ಹಳೇ ತೂತಿನ ಲೆಕ್ಕವೂ ನಿಮ್ಮ ತಲೆಗೆ ಬರಬಾರದು. ಹಳೇ ಮೊಳೆಗಳನ್ನು ಕೀಳಬೇಡಿ. ಗಟ್ಟಿಯಾಗಿದ್ದರೆ ಕ್ಯಾಲೆಂಡರು, ಗಡಿಯಾರ ಅಲ್ಲೇ ಹಾಕಿ.

ಟೈಲ್ಸ್, ಗಾಜು, ಸ್ಟೀಲ್ ಬೀರು, ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ಅಂಟಿಸುವ ಹುಕ್ ಚೆನ್ನಾಗಿ ನಿಲ್ಲುತ್ತದೆ. ಎಣ್ಣೆ ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಂದು ಗಂಟೆಯಾದರೂ ಏನೂ ತೂಗುಹಾಕಬೇಡಿ. ಹಿಂದೆ ಎಳೆದು ತೆಗೆಯುವ ಅಂಟುಪಟ್ಟಿ ಇರುವ ಹುಕ್ ಆದರೆ ತೆಗೆಯುವಾಗ ಪಟ್ಟಿಯ ತುದಿಯನ್ನು ಗೋಡೆಗೆ ಒರಗಿಸಿದಂತೆಯೇ ಕೆಳಕ್ಕೆ ನಿಧಾನವಾಗಿ ಎಳೆಯಬೇಕು. ನಿಮ್ಮ ಕಡೆಗೆ ಎಳೆದರೆ ಬಣ್ಣ ಕಿತ್ತು ಬರುತ್ತದೆ. ಪಟ್ಟಿ ತುಂಡಾಯಿತೋ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಗಟ್ಟಿ ನೈಲಾನ್ ದಾರವನ್ನು ಹುಕ್ಕಿನ ಹಿಂದೆ ತೂರಿಸಿ ಗರಗಸದಂತೆ ಆಡಿಸಿ. ಟೈಲ್ಸ್ ಮೇಲೆ ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸಾಕು. ಗೋಡೆಗೆ ಮಾತ್ರ ಎಣ್ಣೆ ಮುಟ್ಟಿಸಬೇಡಿ.

ಭಾರದ ಸಾಮಾನೆಲ್ಲ ನೆಲದ ಮೇಲೇ ನಿಲ್ಲಬೇಕು. ಅದಕ್ಕೆ ಉದ್ದಕ್ಕೂ ತೂತುಗಳಿರುವ ಕಬ್ಬಿಣದ ಪಟ್ಟಿಗಳನ್ನು ನಟ್ಟು ಬೋಲ್ಟಿನಿಂದ ಜೋಡಿಸುವ ಸ್ಲಾಟೆಡ್ ಆಂಗಲ್ ರ‍್ಯಾಕಿಗಿಂತ ಒಳ್ಳೆಯದಿಲ್ಲ. ಬಿಚ್ಚಿದರೆ ಆಟೋದಲ್ಲಿ ಹೋಗುತ್ತದೆ, ಮುಂದಿನ ಮನೆಯಲ್ಲಿ ಬೇರೆ ಎತ್ತರಕ್ಕೆ ಕಟ್ಟಬಹುದು. ಆರಡಿಯ ನಾಲ್ಕು ಆಂಗಲ್, ಮೂರಡಿ ಉದ್ದ ಒಂದೂಕಾಲಡಿ ಅಗಲದ ಐದು ತಟ್ಟೆ ತನ್ನಿ. ಒಂದು ತಟ್ಟೆಗೆ ನಾಲ್ಕು ಮೂಲೆ, ಮೂಲೆಗೆ ಎರಡು ಬೋಲ್ಟು, ಒಟ್ಟು 40. ಕಳೆದುಹೋಗುತ್ತವೆ, 50 ತನ್ನಿ. ಮೊದಲು ಎಲ್ಲವನ್ನೂ ಸಡಿಲವಾಗಿ ಕೂರಿಸಿ. ಹಿಂಬದಿಯಲ್ಲಿ ಮೇಲಿನ ಒಂದು ಮೂಲೆಯಿಂದ ಕೆಳಗಿನ ಎದುರು ಮೂಲೆಗೆ ಓರೆಯಾಗಿ ಹಿಡಿದ ಅಳತೆ ಎರಡೂ ಕಡೆಯಿಂದ ಒಂದೇ ಬಂದ ಮೇಲೆ ಬಿಗಿ ಮಾಡಿ. ಮೊದಲೇ ಒಂದೊಂದಾಗಿ ಬಿಗಿದರೆ ಸೊಟ್ಟ ನಿಂತು, ಭಾರ ಹೇರಿದಾಗ ಅಲ್ಲಾಡುತ್ತದೆ. ಕಾಲಿಗೆ ರಬ್ಬರ್ ಬುಷ್ ಹಾಕಲೇಬೇಕು, ರೆಡ್ ಆಕ್ಸೈಡ್ ನೆಲವಾದರೆ ಅದರಡಿ ಪ್ಲೈವುಡ್ ತುಂಡು ಸಹ. ಒದ್ದೆ ನೆಲದಲ್ಲಿ ಕಬ್ಬಿಣ ಬಿಟ್ಟ ತುಕ್ಕಿನ ಕಲೆ ಆ ಕೆಂಪಿನಿಂದ ಹೋಗುವುದು ಬಹಳ ಕಷ್ಟ. ಗೋಡೆಯಿಂದ ಎರಡಿಂಚು ಬಿಟ್ಟು ನಿಲ್ಲಿಸಿ. ಮಳೆಗಾಲದಲ್ಲಿ ಹಿಂದೆ ಗಾಳಿ ಆಡದಿದ್ದರೆ ಗೋಡೆ ಬೂಷ್ಟು ಹಿಡಿಯುತ್ತದೆ. ಅಕ್ಕಿ ಡಬ್ಬ, ರಾಗಿ ಡಬ್ಬ ಕೆಳಗೆ, ಹಗುರವಾದದ್ದು ಮೇಲೆ. ಮಕ್ಕಳಿರುವ ಮನೆಯಾದರೆ ರ‍್ಯಾಕನ್ನು ಕಿಟಕಿಯ ಪಕ್ಕ ಇಟ್ಟು, ಮೇಲಿನ ಆಂಗಲ್ಲನ್ನು ಕಿಟಕಿ ಸರಳಿಗೆ ಗಟ್ಟಿ ಹಗ್ಗದಿಂದ ಎರಡು ಕಡೆ ಕಟ್ಟಿ. ತೂತು ಕೊರೆಯದೆ ರ‍್ಯಾಕ್ ಮಗುಚದಂತೆ ತಡೆಯುವ ದಾರಿ ಇದು.

ಅಡುಗೆಮನೆಯ ಕಡಪ ಕಲ್ಲಿನ ಶೆಲ್ಫಿಗೆ ಸಿಕ್ಕಿಸುವ ತಂತಿ ಬುಟ್ಟಿ ಸಿಗುತ್ತದೆ, ಕಪ್ಪು ಬಸಿಗೆ ಚೆನ್ನ. ಕೊಳ್ಳುವ ಮೊದಲು ಕಲ್ಲಿನ ದಪ್ಪ ಅಳೆದುಕೊಂಡು ಹೋಗಿ. ಕಿಟಕಿ ಪರದೆಗೆ ಸ್ಪ್ರಿಂಗ್ ರಾಡ್ ಸಾಕು, ತೆಳು ಕಾಟನ್ ಮಾತ್ರ. ರಾಡಿನ ರಬ್ಬರ್ ತುದಿ ಗೋಡೆಗೆ ಕಪ್ಪು ಗುರುತು ಬಿಡುವುದರಿಂದ ನಡುವೆ ಬಟ್ಟೆ ತುಂಡು ಇಡಿ.

ದೇವರ ಗೂಡನ್ನು ಜನ ಮರೆತುಬಿಡುತ್ತಾರೆ. ನಿಜವಾದ ಹಾಳು ಅಲ್ಲೇ. ದೀಪದ ಮಸಿಯನ್ನು ಹೇಗೋ ಒರೆಸಬಹುದು, ಗೋಡೆ ಕುಡಿದ ಎಣ್ಣೆಯ ಮೇಲೆ ಹೊಸ ಬಣ್ಣ ಕೂರುವುದಿಲ್ಲ. ದೀಪದ ಹಿಂದೆ ಒಂದಡಿ ಚದರದ ಟೈಲ್ಸ್ ತುಂಡನ್ನು ಒರಗಿಸಿ, ಕೆಳಗೆ ಹಿತ್ತಾಳೆ ತಟ್ಟೆ ಇಡಿ. ಅರಿಶಿನ ಕುಂಕುಮವನ್ನು ಗೋಡೆಗೆ ಹಚ್ಚುವ ಬದಲು ಆ ಟೈಲ್ಸಿಗೇ ಹಚ್ಚಿ. ಹೊಸ್ತಿಲಿಗೆ ಅಡ್ಡಿಯಿಲ್ಲ.

ದಸರೆಗೆ ಗೊಂಬೆ ಕೂರಿಸುವವರಿಗೆ ಇದೇ ರ‍್ಯಾಕ್ ಒದಗುತ್ತದೆ. ಎರಡು ಟ್ರಂಕು, ರ‍್ಯಾಕಿನ ತಟ್ಟೆಗಳು, ಇಟ್ಟಿಗೆ ಸೇರಿದರೆ ಐದು ಹಂತ ಆಗುತ್ತದೆ. ಒಂದೊಂದು ಹಂತ ಏಳಿಂಚು ಎತ್ತರ, ಹತ್ತಿಂಚು ಆಳ ಇರಲಿ. ಇಟ್ಟಿಗೆಯ ಕೆಳಗೆ ಹಳೇ ಗೋಣಿಚೀಲ ಹಾಸಿ, ಇಲ್ಲದಿದ್ದರೆ ನೆಲಕ್ಕೆ ಗೀರು ಬೀಳುತ್ತದೆ. ಬಿಳಿ ಪಂಚೆ ಹೊದಿಸುವಾಗ ಅಂಚನ್ನು ಬಟ್ಟೆ ಕ್ಲಿಪ್ಪಿನಿಂದ ತಟ್ಟೆಗೇ ಹಿಡಿಸಿ. ಪಟ್ಟದ ಗೊಂಬೆ ಇಡುವ ಮೊದಲು ಮೇಲಿನ ಹಂತವನ್ನು ಎರಡೂ ಕೈಯಲ್ಲಿ ಒತ್ತಿ ಅಲ್ಲಾಡಿಸಿ ನೋಡಿ. ತೋರಣಕ್ಕೆ ಬಾಗಿಲ ಮೇಲಿನ ವೆಂಟಿಲೇಟರ್ ಸರಳಿಗೆ ದಾರ ಕಟ್ಟಿದರೆ ಮೊಳೆ ಬೇಕಿಲ್ಲ.

ಇಷ್ಟಾದರೂ ತೂತು ಬಿದ್ದಿದ್ದರೆ ಹಲ್ಲುಜ್ಜುವ ಪೇಸ್ಟ್ ತುಂಬಬೇಡಿ, ಒಣಗಿ ಬಿರಿಯುತ್ತದೆ. ಪುಡಿ ಕೆರೆದು, ನೀರು ಚಿಮುಕಿಸಿ, ವಾಲ್ ಪುಟ್ಟಿ ತುಂಬಿ. ಒಣಗಿ ಕುಗ್ಗಿದರೆ ಇನ್ನೊಮ್ಮೆ ತುಂಬಿ, 220 ನಂಬರಿನ ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಬಣ್ಣಕ್ಕೆ ಓನರ್ ಹತ್ತಿರ ಶೇಡ್ ನಂಬರ್ ಕೇಳಿಯೇ ಹಚ್ಚಿ. ಅಂದಾಜಿನ ಬಣ್ಣದ ತೇಪೆ ಮೊಳೆ ತೂತಿಗಿಂತ ದೂರಕ್ಕೆ ಕಾಣುತ್ತದೆ.